ಬಾಣಂತಿಗೆ 42 ದಿನ, ಅಪ್ಪನಿಗೆ ಎಷ್ಟು?

ಕಳೆದ ವರ್ಷ ಆಷಾಢದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಹಾನುಬಾಳಿನ ಸಮೀಪದ ನಮ್ಮ ಮನೆಯಿಂದ ಸಕಲೇಶಪುರಕ್ಕೆ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಸುರಿವ ಮಳೆಯಲ್ಲೇ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿದ್ದ 11 ದಿನ ಅವರನ್ನು ನೋಡಿಕೊಂಡ ವೈದ್ಯರ ಮತ್ತು ದಾದಿಯರ ಬಗ್ಗೆ ನನಗಿರುವುದು ಕೃತಜ್ಞತೆ ಮಾತ್ರ. ಅಪ್ಪನ ಜೀವ ಉಳಿಸಿದವರು ಅವರು. ಆದರೆ ನಾನು ಬರೆಯಲು ಕುಳಿತಿರುವುದು ಆ 11 ದಿನಗಳ ಬಗ್ಗೆ ಅಲ್ಲ, ಹನ್ನೆರಡನೆಯ ದಿನದಿಂದ ಮುಂದಿನದರ ಬಗ್ಗೆ.

ಮನೆಗೆ ಕಳಿಸುವ ದಿನ ಬೆಳಗ್ಗೆ ಹತ್ತಕ್ಕೆ ಹೇಳಿದರು, ಬಿಲ್ಲಿನ ಕೆಲಸ ಮುಗಿಯುವಾಗ ಮಧ್ಯಾಹ್ನ ಮೂರಾಗಿತ್ತು. ಆ ಐದು ಗಂಟೆಗಳಲ್ಲಿ ನಮ್ಮ ಜೊತೆ ಕುಳಿತು ಅಪ್ಪನ ಮುಂದಿನ ಆರೈಕೆಯ ಬಗ್ಗೆ ಮಾತನಾಡಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಕೈಗೆ ಬಂದದ್ದು ಇಂಗ್ಲಿಷಿನಲ್ಲಿ ಅಚ್ಚಾದ ಮೂರು ಪುಟದ ಡಿಸ್ಚಾರ್ಜ್ ಸಮ್ಮರಿ, ಒಂದು ಚೀಲ ಮಾತ್ರೆ, ಸ್ಕ್ಯಾನಿಂಗಿನ ದೊಡ್ಡ ಲಕೋಟೆ, ಮತ್ತು "ಹದಿನೈದು ದಿನ ಬಿಟ್ಟು ಬಂದು ತೋರಿಸಿ" ಎಂಬ ಮಾತು. ಅಮ್ಮ ಆ ಲಕೋಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಾರಿನಲ್ಲಿ ಕುಳಿತಿದ್ದರು. ಅದು ನೆನೆಯದಂತೆ ನೋಡಿಕೊಳ್ಳುವುದೊಂದೇ ಆ ಹೊತ್ತಿನಲ್ಲಿ ಅವರಿಗೆ ಸ್ಪಷ್ಟವಾಗಿ ತಿಳಿದಿದ್ದ ಕೆಲಸವಾಗಿತ್ತು.

ಆ ರಾತ್ರಿ ಕರೆಂಟು ಇರಲಿಲ್ಲ. ಅಪ್ಪನ ಎಡಗೈ, ಎಡಗಾಲು ಆಡುತ್ತಿರಲಿಲ್ಲ. ನೀರು ಕುಡಿಸಿದಾಗ ಕೆಮ್ಮು ಬಂದರೆ ಅದು ಸಹಜವೋ ಅಪಾಯವೋ, ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು, ಎಬ್ಬಿಸಿ ಕೂರಿಸುವಾಗ ಎಲ್ಲಿ ಹಿಡಿಯಬೇಕು, ಇವು ಯಾವುವೂ ನಮಗೆ ಗೊತ್ತಿರಲಿಲ್ಲ. ಹಿಂದಿನ ರಾತ್ರಿಯವರೆಗೆ ಗುಂಡಿ ಒತ್ತಿದರೆ ಸಿಸ್ಟರ್ ಬರುತ್ತಿದ್ದರು. ಒಂದೇ ದಿನದಲ್ಲಿ ಆ ಇಡೀ ವಾರ್ಡಿನ ಕೆಲಸ 61 ವರ್ಷದ ಅಮ್ಮನ ಮೇಲೂ ಶಾಲೆಯಲ್ಲಿ ಪಾಠ ಮಾಡುವ ನನ್ನ ಮೇಲೂ ಬಿದ್ದಿತ್ತು, ಮತ್ತು ನಮ್ಮಿಬ್ಬರಿಗೂ ಯಾರೂ ಅದನ್ನು ಕಲಿಸಿರಲಿಲ್ಲ.

ಐದನೆಯ ದಿನ ಅಪ್ಪ ಮಂಚದ ಮೇಲೆ ಕುಳಿತವರು ಹಾಗೆಯೇ ಕಣ್ಣು ಕತ್ತಲೆ ಬಂದು ಒರಗಿದರು. ಮೈ ತಣ್ಣಗಾಗಿತ್ತು. ಮತ್ತೆ ಲಕ್ವ ಹೊಡೆಯಿತೆಂದೇ ಹೆದರಿ ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ಅಲ್ಲಿದ್ದ ಯುವ ವೈದ್ಯರು ನಾಡಿ ನೋಡಿದರು, ನಿಮಿಷಕ್ಕೆ 44. ಅವರು ಕೇಳಿದ ಮೊದಲ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ: "ಆಸ್ಪತ್ರೆಯಲ್ಲಿ ಕೊಟ್ಟಿದ್ದು ಬಿಡಿ, ಮನೇಲಿ ಮೊದಲಿಂದ ಏನೇನು ಮಾತ್ರೆ ಇದೆ, ಎಲ್ಲಾ ತಂದಿದ್ದೀರಾ?" ಅಮ್ಮನ ಕೈಚೀಲದಲ್ಲಿ ಅಪ್ಪ ಹಲವು ವರ್ಷಗಳಿಂದ ಬಿ.ಪಿ.ಗೆಂದು ನುಂಗುತ್ತಿದ್ದ ಅಟೆನೊಲಾಲ್ ಮಾತ್ರೆಯ ಶೀಟು ಇತ್ತು. ಆಸ್ಪತ್ರೆಯವರು ಎದೆಬಡಿತ ಹತೋಟಿಗೆ ಬರಲೆಂದು ಬರೆದುಕೊಟ್ಟಿದ್ದುದು ಮೆಟೊಪ್ರೊಲಾಲ್. ಎರಡೂ ಒಂದೇ ಕುಟುಂಬದ ಮದ್ದುಗಳು. ಎರಡೂ ನಾಡಿಯನ್ನು ನಿಧಾನಗೊಳಿಸುತ್ತವೆ. "ಬಿ.ಪಿ. ಮಾತ್ರೆಯನ್ನು ಯಾವತ್ತೂ ನಿಲ್ಲಿಸಬೇಡಿ" ಎಂದು ಹಿಂದೆ ಒಬ್ಬ ವೈದ್ಯರು ಹೇಳಿದ್ದ ಮಾತನ್ನು ಅಮ್ಮ ಅಕ್ಷರಶಃ ಪಾಲಿಸಿದ್ದರು. ಅಮ್ಮ ತಪ್ಪು ಮಾಡಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಸದಾಗಿ ಶುರುಮಾಡಬೇಕಾದ ಏಳು ಮಾತ್ರೆಗಳ ಹೆಸರು ಕ್ರಮವಾಗಿ ಇತ್ತು, ನಿಲ್ಲಿಸಬೇಕಾದ ಒಂದರ ಹೆಸರು ಇರಲಿಲ್ಲ.

ಈ ಘಟನೆಯ ನಂತರ ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಇದು ನಮ್ಮ ಮನೆಯ ದುರದೃಷ್ಟವಷ್ಟೇ ಅಲ್ಲವೆಂಬುದು ಬೇಗನೆ ತಿಳಿಯಿತು. ಅಮೆರಿಕದಲ್ಲಿ ಮೆಡಿಕೇರ್ ವಿಮೆಯಡಿ ಚಿಕಿತ್ಸೆ ಪಡೆದವರನ್ನು ಕುರಿತು 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಆಸ್ಪತ್ರೆಯಿಂದ ಮನೆಗೆ ಹೋದ ಐವರಲ್ಲಿ ಒಬ್ಬರು 30 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ನನ್ನನ್ನು ಹೆಚ್ಚು ಕಾಡಿದ್ದು ಅದೇ ಅಧ್ಯಯನದ ಇನ್ನೊಂದು ಅಂಶ: ಶಸ್ತ್ರಚಿಕಿತ್ಸೆಯಲ್ಲದ ಕಾರಣಕ್ಕೆ ದಾಖಲಾಗಿ ಹೀಗೆ ಮರಳಿದವರಲ್ಲಿ ಅರ್ಧದಷ್ಟು ಜನ, ನಡುವಿನ ದಿನಗಳಲ್ಲಿ ಒಬ್ಬ ವೈದ್ಯರನ್ನೂ ಭೇಟಿಯಾದ ದಾಖಲೆ ಇರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ 2013ರಲ್ಲಿ ಇದಕ್ಕೆ ಇನ್ನಷ್ಟು ಆಳವಾದ ಕಾರಣ ಕೊಟ್ಟರು. ರೋಗಿ ಮನೆಗೆ ಬರುವಾಗ ಹಳೆಯ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವುದಷ್ಟೇ ಅಲ್ಲ, ಆಸ್ಪತ್ರೆವಾಸದಿಂದಲೂ ಚೇತರಿಸಿಕೊಳ್ಳಬೇಕಾಗಿರುತ್ತದೆ ಎಂಬುದು ಅವರ ವಾದದ ತಿರುಳು. ನಿದ್ದೆಗೆಟ್ಟ ರಾತ್ರಿಗಳು, ಪರೀಕ್ಷೆಗಳಿಗಾಗಿ ತಪ್ಪಿದ ಊಟ, ಮಲಗಿಯೇ ಇದ್ದು ಸೊರಗಿದ ಮಾಂಸಖಂಡ, ಹಗಲು ರಾತ್ರಿಯ ಗೊಂದಲ, ಇವೆಲ್ಲ ಸೇರಿ ಕೆಲವು ವಾರ ದೇಹ ಯಾವ ಹೊಸ ಪೆಟ್ಟನ್ನೂ ತಾಳಲಾರದ ಸ್ಥಿತಿಯಲ್ಲಿರುತ್ತದೆ. ಅದನ್ನು ಓದುವಾಗ ನನಗೆ ನೆನಪಾದದ್ದು ಹಸಿ ಬಾಣಂತಿ. "ಮೈ ಹಸಿ, ಗಾಳಿ ಸೋಕದ ಹಾಗೆ ನೋಡಿಕೊಳ್ಳಬೇಕು" ಎಂದು ನಮ್ಮ ಕಡೆ ಹೇಳುವ ಮಾತಿನಲ್ಲಿ ಇರುವುದೂ ಇದೇ ತಿಳಿವಳಿಕೆ. ಬಾಣಂತನದ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು ತಟ್ಟೆಯ ಸಂಗತಿ ಹೇಳಬೇಕು.

ಅಪ್ಪ ಮನೆಗೆ ಬಂದ ಮೇಲೆ ಊಟದ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದರು. ಬಾಯಿ ಕೆಟ್ಟಿದೆಯೆಂದು ಅಮ್ಮ ದಿನಕ್ಕೊಂದು ಬಗೆ ಮಾಡಿದರು, ಅಕ್ಕಿ ರೊಟ್ಟಿ, ಮೆತ್ತಗಿನ ಕಡುಬು, ಮೆಣಸಿನ ಸಾರು. ಏನು ಮಾಡಿದರೂ ಅರ್ಧ ಉಳಿಯುತ್ತಿತ್ತು, ಆಮೇಲೆ "ಹಸಿವಾಗ್ತಿದೆ" ಎನ್ನುತ್ತಿದ್ದರು. ಎಡಗಡೆಯಿಂದ ಮಾತನಾಡಿಸಿದರೆ ಉತ್ತರಿಸುತ್ತಿರಲಿಲ್ಲ. ಎಡಕೆನ್ನೆಯ ಗಡ್ಡ ಹಾಗೆಯೇ ಬಿಟ್ಟು ಬಲಕೆನ್ನೆ ಮಾತ್ರ ಬೋಳಿಸಿಕೊಂಡರು. ನಮಗೆ ಅದು ಹಟವೆಂದು ಕಂಡಿತು. ಜೀವನವಿಡೀ ತೋಟದಲ್ಲಿ ದುಡಿದ ಮನುಷ್ಯ, ಹಾಸಿಗೆ ಹಿಡಿದ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಾರೆಂದು ನಾನು ಅಮ್ಮನಿಗೆ ಹೇಳಿದ್ದೂ ಉಂಟು. ಒಮ್ಮೆ ಅವರಿಗೇ ರೇಗಿದೆ. ಆ ಮಾತನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ನಾಲ್ಕನೆಯ ವಾರದಲ್ಲಿ ಸಕಲೇಶಪುರದಿಂದ ಒಬ್ಬ ಫಿಸಿಯೋಥೆರಪಿ ಹೆಣ್ಣುಮಗಳು ಮನೆಗೆ ಬರಲು ಒಪ್ಪಿದರು. ನಮ್ಮ ದಾರಿಯಲ್ಲಿ ಆನೆಗಳ ಓಡಾಟ ಇರುವುದರಿಂದ ಬೆಳಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಐದರ ಮೇಲೆ ಅವರು ಬರುವಂತಿರಲಿಲ್ಲ, ಹಾಗಾಗಿ ವಾರಕ್ಕೆ ಒಂದೇ ದಿನ. ಅವರು ಬಂದ ದಿನ ಊಟದ ಹೊತ್ತಾಗಿತ್ತು. ಅಪ್ಪನ ಮುಂದಿದ್ದ ತಟ್ಟೆಯನ್ನು ಎರಡು ನಿಮಿಷ ನೋಡಿದವರು, ಏನೂ ಹೇಳದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟರು. ಅಪ್ಪ ಉಳಿದದ್ದನ್ನೂ ಉಂಡರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟರು.

ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಹಲವರಿಗೆ ಎಡಗಡೆಯ ಲೋಕವೇ ಅರಿವಿನಿಂದ ಜಾರಿಹೋಗುತ್ತದೆ. ಕಣ್ಣು ಸರಿಯಿದ್ದರೂ ಎಡಗಡೆ ಏನಾದರೂ ಇದೆ ಎಂಬ ಗಮನವೇ ಹುಟ್ಟುವುದಿಲ್ಲ ಎಂದು ಅವರು ವಿವರಿಸಿದರು. ಎಡಗಡೆಯೇ ಕುಳಿತು ಮಾತನಾಡಿಸಿ, ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ ಅದನ್ನು ಹುಡುಕಲು ಹೇಳಿ, ಮೆಲ್ಲಗೆ ಗಮನ ಆ ಕಡೆಗೆ ಹೊರಳುತ್ತದೆ ಎಂದರು. ಹಾಗೆಯೇ, ನಾವು ಅಪ್ಪನನ್ನು ಎಬ್ಬಿಸುವಾಗ ಎಡಗೈಯ ರಟ್ಟೆ ಹಿಡಿದು ಎಳೆಯುತ್ತಿದ್ದುದನ್ನು ಕಂಡು ಗಾಬರಿಯಾದರು. ಸ್ನಾಯು ಸಡಿಲವಾದ ಭುಜದ ಕೀಲು ಹಾಗೆ ಎಳೆದರೆ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಉಳಿದು ಕೈಯ ಚೇತರಿಕೆಯನ್ನೇ ತಡೆಯಬಹುದು. ಲಕ್ವದ ನಂತರ ಮೊದಲ ಮೂರು ತಿಂಗಳು ಚೇತರಿಕೆ ಅತ್ಯಂತ ವೇಗವಾಗಿ ಆಗುವ ಕಾಲ. ಅದರಲ್ಲಿ ಸುಮಾರು ಒಂದು ತಿಂಗಳನ್ನು ನಾವು ಅಪ್ಪನ ಮೇಲೆ ಮುನಿಸಿಕೊಳ್ಳುತ್ತಾ, ಅವರ ಭುಜ ಎಳೆಯುತ್ತಾ ಕಳೆದಿದ್ದೆವು. ಆಸ್ಪತ್ರೆಯ ವಾರ್ಡಿನಲ್ಲೇ ಯಾರಾದರೂ ಕಾಲು ಗಂಟೆ ಇದನ್ನು ತೋರಿಸಿಕೊಟ್ಟಿದ್ದರೆ ಆ ತಿಂಗಳು ನಮಗೆ ಉಳಿಯುತ್ತಿತ್ತು. ರೋಗಿಯ ಜೊತೆಗಿರುವ ಮನೆಯವರಿಗೆ ವಾರ್ಡಿನಲ್ಲೇ ಆರೈಕೆ ಕಲಿಸುವ ಕೆಲಸವನ್ನು ನೂರಾ ಹೆಲ್ತ್ ಎಂಬ ಸಂಸ್ಥೆ ನಾರಾಯಣ ಹೆಲ್ತ್‌ನ ಆಸ್ಪತ್ರೆಗಳಲ್ಲಿ ಆರಂಭಿಸಿ, ನಮ್ಮ ರಾಜ್ಯವೂ ಸೇರಿದಂತೆ ಹಲವೆಡೆ ಸರ್ಕಾರಿ ಆಸ್ಪತ್ರೆಗಳಿಗೂ ಒಯ್ದಿದೆ. ಮಾಡಲಾಗದ ಕೆಲಸವಲ್ಲ ಎಂಬುದಕ್ಕೆ ಇಷ್ಟು ಸಾಕು.

ಇನ್ನು ರಕ್ತ ಪರೀಕ್ಷೆಯ ಗುರುವಾರಗಳು. ಅಪ್ಪನ ಹೃದಯದ ಒಂದು ಕವಾಟ ಕಿರಿದಾಗಿ, ಮೇಲಿನ ಕೋಣೆ ಲಯ ತಪ್ಪಿ ನಡುಗುತ್ತಿತ್ತಂತೆ. ಹಾಗೆ ನಡುಗುವಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ; ಆ ಹೆಪ್ಪು ಮಿದುಳಿಗೆ ಹರಿದು ನಾಳವನ್ನು ಮುಚ್ಚಿದ್ದೇ ಲಕ್ವಕ್ಕೆ ಕಾರಣ. ಇನ್ನು ಮುಂದೆ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಕವಾಟದ ತೊಂದರೆ ಇರುವುದರಿಂದ ಪರೀಕ್ಷೆ ಬೇಡದ ಹೊಸ ಬಗೆಯ ಮಾತ್ರೆ ಅವರಿಗೆ ಹೊಂದುವುದಿಲ್ಲವೆಂದು ಹಳೆಯ ಬಗೆಯದನ್ನೇ ಕೊಟ್ಟರು. ಅದಕ್ಕೆ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು, ಅಂಕಿ 2 ಮತ್ತು 3ರ ನಡುವೆ ಇರಬೇಕು. ಕಡಿಮೆಯಾದರೆ ಮತ್ತೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ.

ಮೊದಲ ಗುರುವಾರ 1.4 ಬಂತು, ಮೂರನೆಯ ಗುರುವಾರ 3.8. ಅಂಕಿ ಲ್ಯಾಬಿನಿಂದ ನನ್ನ ಮೊಬೈಲಿಗೆ ಬರುತ್ತಿತ್ತು. ಬಂದ ಅಂಕಿಯನ್ನು ಯಾರಿಗೆ ಹೇಳಬೇಕು? ಡಿಸ್ಚಾರ್ಜ್ ಸಮ್ಮರಿಯ ಕೆಳಗಿದ್ದ ನಂಬರು ಸ್ವಾಗತ ಕೌಂಟರಿನದು, ಅವರು "ಒ.ಪಿ.ಡಿ.ಗೆ ಕರ್ಕೊಂಡು ಬನ್ನಿ ಮೇಡಂ" ಎನ್ನುತ್ತಿದ್ದರು. ಒಂದು ಅಂಕಿ ಹೇಳಿ ಅರ್ಧ ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಎಂದು ಕೇಳಲು, ಹೆಚ್ಚು ಹೊತ್ತು ಕೂರಲಾಗದ ಮನುಷ್ಯನನ್ನು ಕಾರಿನಲ್ಲಿ ಮಲಗಿಸಿ ಹಾಸನಕ್ಕೆ ಹೋಗಿಬರಬೇಕಿತ್ತು. ಸ್ಥಳೀಯ ವೈದ್ಯರೊಬ್ಬರು "ಆ ಆಸ್ಪತ್ರೆಯವರು ಶುರು ಮಾಡಿದ ಮದ್ದು, ನಾನು ಕೈ ಹಾಕೋದು ಸರಿಯಲ್ಲ" ಎಂದರು. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಅವರಿಗೆ ಯಾರೂ ಈ ರೋಗಿಯನ್ನು ಒಪ್ಪಿಸಿರಲಿಲ್ಲ.

3.8 ಏಕೆ ಬಂತೆಂದು, 1.4 ಏಕೆ ಬಂದಿತ್ತೆಂದು ಆಮೇಲೆ ಆ ತಾಲ್ಲೂಕು ಆಸ್ಪತ್ರೆಯ ಯುವ ವೈದ್ಯರೇ ಕೂತು ಲೆಕ್ಕ ಹಾಕಿದರು. ಅಮ್ಮ ಮೊದಲ ವಾರ ಮಳೆಗಾಲದ ರೂಢಿಯಂತೆ ಕೆಸುವಿನ ಸೊಪ್ಪು, ಹಿತ್ತಲ ಸೊಪ್ಪು ಚೆನ್ನಾಗಿ ಬಡಿಸಿದ್ದರು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮದ್ದಿನ ಬಲವನ್ನು ತಗ್ಗಿಸುತ್ತದೆ. ಆಮೇಲೆ ಯಾರೋ ಹೇಳಿದರೆಂದು ಸೊಪ್ಪನ್ನು ಪೂರ್ತಿ ನಿಲ್ಲಿಸಿದರು, ಅಂಕಿ ಏರಿತು. ಸೊಪ್ಪು ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿರಲಿ ಎಂದು ಅವರು ಹೇಳಿದರು. ಮೈಕೈ ನೋವೆಂದು ಎಲ್ಲಿಯೂ ಇಂಜೆಕ್ಷನ್ ಚುಚ್ಚಿಸಬೇಡಿ, ನೋವಿನ ಮಾತ್ರೆ ಕೇಳದೆ ಕೊಡಬೇಡಿ, ಒಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಗೆ ಹೋದರೆ, ತಲೆಗೆ ಪೆಟ್ಟು ಬಿದ್ದರೆ ಕಾಯದೆ ಬನ್ನಿ ಎಂದೂ ಹೇಳಿದರು. ನಮ್ಮ ಊಟ, ನಮ್ಮ ಹಿತ್ತಲು, ನಮ್ಮ ಮಳೆಗಾಲ ಗೊತ್ತಿರುವ ವೈದ್ಯರಿಂದ ಮಾತ್ರ ಬರಬಹುದಾದ ಮಾತು ಅದು. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೃದಯ ಗೊತ್ತು. ಊರಿನ ವೈದ್ಯರಿಗೆ ಮನೆ ಗೊತ್ತು. ಈ ಇಬ್ಬರ ನಡುವೆ ಒಂದು ಫೋನ್ ಕರೆಯೂ ಇಲ್ಲದಿರುವುದೇ ನನ್ನ ದೂರು.

ಈಗ ಬಾಣಂತನದ ವಿಷಯ. ನನ್ನ ಮಗಳು ಹುಟ್ಟಿದಾಗ ನಮ್ಮ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಎಂದು ಆರು ಭೇಟಿಗಳು ನಿಗದಿಯಾಗಿವೆ. ಬಂದವರು ಮಗುವಿನ ತೂಕ ನೋಡುತ್ತಾರೆ, ಮೈ ಬಿಸಿ ನೋಡುತ್ತಾರೆ, ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾರೆ, ಅಪಾಯದ ಚಿಹ್ನೆ ಕಂಡರೆ ಆಸ್ಪತ್ರೆಗೆ ಕಳಿಸುತ್ತಾರೆ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಅದರ ಜೊತೆಗೆ ಮನೆಯಲ್ಲಿ ಅಮ್ಮನ ಬಾಣಂತನವೂ ಇತ್ತು. ಏನು ಉಣ್ಣಬೇಕು, ಯಾವಾಗ ಮಲಗಬೇಕು, ಯಾರು ನೀರೆರೆಯಬೇಕು ಎಂಬುದಕ್ಕೆಲ್ಲ ಒಂದು ಕ್ರಮ, ಮತ್ತು ಆ ಕ್ರಮಕ್ಕೆ ಒಬ್ಬ ಹೊಣೆಗಾರ್ತಿ. ಸರ್ಕಾರದ ಲೆಕ್ಕದಲ್ಲಿ 42 ದಿನ, ಅಮ್ಮನ ಲೆಕ್ಕದಲ್ಲಿ ಮೂರು ತಿಂಗಳು, ನಾನು ಯಾರ ಕಣ್ಣಿನಿಂದಲೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಅದೇ ಮನೆ, ಅದೇ ಅಮ್ಮ, ಅದೇ ಆಶಾ ಅಕ್ಕ. ಅಪ್ಪ ಮನೆಗೆ ಬಂದಾಗ ಮಾತ್ರ ಕ್ಯಾಲೆಂಡರಿನಲ್ಲಿ ಯಾವ ದಿನಕ್ಕೂ ಗುರುತಿರಲಿಲ್ಲ. ಆಶಾ ಅಕ್ಕ ಒಂದು ದಿನ ನಮ್ಮ ಗೇಟಿನ ಮುಂದೆ ಹೋಗುತ್ತಿದ್ದವರು ತಾವಾಗಿಯೇ ಒಳಗೆ ಬಂದು "ದೊಡ್ಡಪ್ಪ, ಹೆಂಗಿದ್ದೀರಾ? ಮಾತ್ರೆ ತಗೊಂಡ್ರಾ?" ಎಂದು ಕೇಳಿ, ಬೆನ್ನಿನಲ್ಲಿ ಹಾಸಿಗೆ ಹುಣ್ಣು ಶುರುವಾಗಿದೆಯೇ ಎಂದು ನೋಡಿದರು. ಸೊಂಟದ ಕೆಳಗೆ ಚರ್ಮ ಕೆಂಪಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ನಮಗೆ ಹೇಳಿಕೊಟ್ಟವರು ಅವರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕಾಗಿ ಅವರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಈಗಾಗಲೇ ಹೊರೆ ಹೊತ್ತ ಹೆಂಗಸಿನ ತಲೆಯ ಮೇಲೆ ಸಂಬಳವಿಲ್ಲದ ಇನ್ನೊಂದು ಹೊರೆ ಇಡಿ ಎಂದು ನಾನು ಹೇಳುತ್ತಿಲ್ಲ. ಹುಟ್ಟಿದ ಮಗುವಿಗೆ ಒಂದು ಕ್ರಮವನ್ನು ಕಟ್ಟಿ, ಅದಕ್ಕೆ ಹಣ ಕೊಟ್ಟು, ಹಳ್ಳಿಹಳ್ಳಿಗೂ ತಲುಪಿಸಿದ ವ್ಯವಸ್ಥೆಗೆ, ಆಸ್ಪತ್ರೆಯಿಂದ ಬಂದ ಮುದುಕನಿಗೂ ಅಂಥದೊಂದನ್ನು ಕಟ್ಟುವುದು ತಿಳಿಯದ ವಿದ್ಯೆಯಲ್ಲ ಎನ್ನುತ್ತಿದ್ದೇನೆ.

ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಕೊಲೊರಾಡೊ ವಿಶ್ವವಿದ್ಯಾಲಯದ ಎರಿಕ್ ಕೋಲ್ಮನ್ ರೂಪಿಸಿದ ಕ್ರಮದಲ್ಲಿ, ಆಸ್ಪತ್ರೆಯಲ್ಲೇ ರೋಗಿಯ ಪರಿಚಯ ಮಾಡಿಕೊಂಡ ಒಬ್ಬರು ಬಿಡುಗಡೆಯಾದ ಎರಡು ಮೂರು ದಿನಗಳಲ್ಲಿ ಒಮ್ಮೆ ಮನೆಗೆ ಬರುತ್ತಾರೆ, ಆಮೇಲೆ ಒಂದು ತಿಂಗಳೊಳಗೆ ಮೂರು ಬಾರಿ ಫೋನು ಮಾಡುತ್ತಾರೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮುಂದಿಟ್ಟುಕೊಂಡು ನೋಡುವುದು, ರೋಗಿಯ ವಿವರ ರೋಗಿಯ ಕೈಯಲ್ಲೇ ಇರುವಂತೆ ಮಾಡುವುದು, ಮುಂದಿನ ಭೇಟಿ ತಪ್ಪದಂತೆ ನೋಡುವುದು, ಯಾವ ಲಕ್ಷಣ ಕಂಡರೆ ಹೆದರಬೇಕೆಂದು ತಿಳಿಸುವುದು, ಇಷ್ಟೇ ಅವರ ಕೆಲಸ. ಹತ್ತಿರದ ಕೇರಳವಂತೂ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆಗೆ, ರಾಜ್ಯ ನೀತಿ ತಂದು, ಪಂಚಾಯಿತಿಗಳ ಮೂಲಕ ದಾದಿಯರನ್ನು ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಕಳಿಸುತ್ತಿದೆ. ನಮ್ಮಲ್ಲೂ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಬಿ.ಪಿ., ಸಕ್ಕರೆ ನೋಡುತ್ತಾರೆ. ತಮ್ಮ ವ್ಯಾಪ್ತಿಯ ಒಬ್ಬ ರೋಗಿ ಇಂದು ಹಾಸನದಿಂದ ಮನೆಗೆ ಬಂದಿದ್ದಾರೆ ಎಂಬ ಸುದ್ದಿ ಅವರಿಗೆ ತಲುಪುವ ದಾರಿಯೊಂದೇ ನಮ್ಮ ಅಪ್ಪನ ವಿಷಯದಲ್ಲಿ ಇರಲಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸಾ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಸೇರಿದೆ, ಆ ಯೋಜನೆಯಡಿ ದಾಖಲಾದವರು ಅದನ್ನು ಕೇಳಿ ಪಡೆಯಬೇಕು. ಆದರೆ 15 ದಿನ ಎಲ್ಲಿ, ಮೂರು ತಿಂಗಳ ಚೇತರಿಕೆ ಎಲ್ಲಿ?

ನಾವು ಮಾಡಿಕೊಂಡದ್ದು ಒಂದು ನೋಟ್‌ಬುಕ್ಕು. ಮೊದಲ ಪುಟದಲ್ಲಿ ಕನ್ನಡದಲ್ಲಿ ಅಪ್ಪನ ಕಾಯಿಲೆ, ಯಾವ ಮಾತ್ರೆ ಏತಕ್ಕೆ, ಯಾವುದನ್ನು ನಿಲ್ಲಿಸಿದೆ, ಯಾವುದನ್ನು ಕೊಡಬಾರದು ಎಂದು ಬರೆದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಅದನ್ನು ಓದಿ ತಿದ್ದಿ ತಮ್ಮ ನಂಬರು ಬರೆದುಕೊಟ್ಟರು; ಅಂದಿನಿಂದ ಗುರುವಾರದ ಅಂಕಿಗೆ ಒಬ್ಬ ವಾರಸುದಾರರು ಸಿಕ್ಕಿದರು. ಮನೆಯವರನ್ನು ಕರೆದುಕೊಂಡು ಬರಲು ಹೊರಟಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಿಲ್ಲು ಕಟ್ಟುವ ಮೊದಲೇ ವಾರ್ಡಿನ ವೈದ್ಯರ ಮುಂದೆ ಮನೆಯ ಹಳೆಯ ಮಾತ್ರೆಗಳನ್ನು ಇಟ್ಟು ಯಾವುದು ಇರಲಿ, ಯಾವುದು ಬೇಡ ಎಂದು ಕೇಳಿ. ಎಬ್ಬಿಸುವುದು, ಕೂರಿಸುವುದು, ಉಣಿಸುವುದನ್ನು ಸಿಸ್ಟರ್ ಎದುರಲ್ಲಿ ನೀವೇ ಒಮ್ಮೆ ಮಾಡಿ ತೋರಿಸಿ. ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕೆಂದು ಒಬ್ಬರ ಹೆಸರು ಕೇಳಿ. ಸಂಕೋಚ ಬೇಡ.

ಅಮ್ಮನ ವಿಷಯವನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ಕೊನೆಗೆ ಉಳಿಸಿಕೊಂಡೆ. ಆ ಮೂರು ತಿಂಗಳಲ್ಲಿ ಅವರ ತೂಕ ಆರು ಕಿಲೋ ಇಳಿಯಿತು. ಅಪ್ಪನ ಬಿ.ಪಿ.ಯನ್ನು ವಾರಕ್ಕೆರಡು ಸಲ ನೋಡಿಸುತ್ತಿದ್ದ ನಾವು, ಅಮ್ಮನ ಬಿ.ಪಿ.ಯನ್ನು ಒಮ್ಮೆಯೂ ನೋಡಿಸಿರಲಿಲ್ಲ. ನೋಡಿಸಿದಾಗ 170 ಇತ್ತು. ಈಗ ನೋಟ್‌ಬುಕ್ಕಿನಲ್ಲಿ ಅವರಿಗೂ ಒಂದು ಪುಟವಿದೆ.

ಆ ನೋಟ್‌ಬುಕ್ಕನ್ನು ಮೊದಲು ಅಪ್ಪನ ಕೈಗೆ ಕೊಟ್ಟಾಗ ಅವರು ಪುಟದ ಬಲ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದರು. ಎಡ ಅರ್ಧ ಪೂರ್ತಿ ಖಾಲಿ. ಅಂಚಿಗೆ ಕೆಂಪು ಗೆರೆ ಎಳೆದುಕೊಟ್ಟು, ಅದನ್ನು ಹುಡುಕಿ ಅಲ್ಲಿಂದ ಶುರು ಮಾಡಿ ಎನ್ನುತ್ತಿದ್ದೆ. ಹೋದ ಗುರುವಾರ ಶಾಲೆಯಿಂದ ಬಂದು ನೋಡಿದರೆ ಲ್ಯಾಬಿಗೆ ತಾವೇ ಫೋನು ಮಾಡಿ ಅಂಕಿ ಕೇಳಿ ಬರೆದಿದ್ದರು: ತಾರೀಖು, ಅದರ ಪಕ್ಕದಲ್ಲಿ 2.4. ಗೆರೆ ಎಳೆಯದ ಹೊಸ ಪುಟದಲ್ಲಿ, ಎಡಗಡೆಯ ಅಂಚಿನಿಂದ.